ನಿಲ್ಲಿಸಿಯೇ ಸಾಗಿಸತಕ್ಕದ್ದು

ರೈಲ್ವೆ ಗೂಡ್ಸ್ ಆಫೀಸಿನಲ್ಲಿ ನನ್ನ ಬೆನ್ನ ಹಿಂದೆ ನನ್ನನ್ನು ವರ್ಗದಮ್ಮ ಅನ್ನುತ್ತಾರೆ. ಎದುರಿಗೆ ಅನ್ನುವ ಧೈರ್ಯ ಯಾರಿಗೂ ಇಲ್ಲ. ಇಪ್ಪತ್ತೊಂದು ವರ್ಷದಿಂದ ನನ್ನ ಕೆಲಸ ಒಂದೇ. ಬಂದ ಸರಕನ್ನು ನೋಡಿ, ಮುಟ್ಟಿ, ಅಳತೆ ಹಿಡಿದು, ಅದು ಯಾವ ವರ್ಗಕ್ಕೆ ಸೇರಿದ್ದು ಎಂದು ಚೀಟಿ ಬರೆದು ಅಂಟಿಸುವುದು. ಜನಕ್ಕೆ ಇದು ಬರೀ ಗುಮಾಸ್ತೆ ಕೆಲಸ ಅನ್ನಿಸುತ್ತದೆ. ಅನ್ನಿಸಲಿ ಬಿಡಿ. ಆದರೆ ಒಂದು ಸರಕು ಇಲ್ಲಿಂದ ಹೊರಟರೆ ದಾರಿಯುದ್ದಕ್ಕೂ ಅದನ್ನು ಬಿಚ್ಚಿ ನೋಡುವವರು ಯಾರೂ ಇರುವುದಿಲ್ಲ, ಎಲ್ಲರೂ ನನ್ನ ಚೀಟಿಯನ್ನೇ ನೋಡುತ್ತಾರೆ. ಚೀಟಿಯಲ್ಲಿ ‘ಒಡೆಯುತ್ತದೆ’ ಎಂದು ಇದ್ದರೆ ಮಗುವಿನ ಹಾಗೆ ಎತ್ತುತ್ತಾರೆ. ಇಲ್ಲದಿದ್ದರೆ ಎಸೆಯುತ್ತಾರೆ.

ಊರಂಚಿನಲ್ಲಿ ಬಾಯ್ಲರ್ ಕಾರ್ಖಾನೆ ಇರುವುದರಿಂದ ನಮ್ಮ ಯಾರ್ಡಿಗೆ ಬರುವುದರಲ್ಲಿ ಅರ್ಧಕ್ಕರ್ಧ ಬಾಯ್ಲರು, ಹೀಟರು, ರೇಡಿಯೇಟರುಗಳೇ. “ಕಬ್ಬಿಣಕ್ಕೆ ಏನಾಗುತ್ತೆ ಬಿಡಿ ಮೇಡಂ, ಯಾವ್ದೋ ಒಂದು ವರ್ಗ ಹಾಕಿ” ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಳಗೆ ಏನೂ ಇಲ್ಲದ ಕಬ್ಬಿಣದ ಟ್ಯಾಂಕು ಅರವತ್ತನೇ ವರ್ಗ. ಅದನ್ನು ಮಲಗಿಸಬಹುದು, ಉರುಳಿಸಬಹುದು, ಮೇಲೆ ಇನ್ನೊಂದು ಹೇರಬಹುದು. ಹೊರಗಿನಿಂದ ನೋಡಿದರೆ ಬಾಯ್ಲರೂ ಹಾಗೇ ಇರುತ್ತದೆ. ಆದರೆ ಅದರ ಹೊಟ್ಟೆಯಲ್ಲಿ ಶಾಖ ತಡೆಯುವ ಇಟ್ಟಿಗೆಗಳನ್ನು ಒಂದಕ್ಕೊಂದು ಒರಗಿಸಿ ಕಟ್ಟಿರುತ್ತಾರೆ. ಅದು ನೂರೈವತ್ತನೇ ವರ್ಗ, ನಿಲ್ಲಿಸಿಯೇ ಸಾಗಿಸತಕ್ಕದ್ದು. ಮಲಗಿಸಿದರೆ ಇಟ್ಟಿಗೆ ಕಳಚಿ ಬೀಳುತ್ತದೆ, ಬಿದ್ದ ಇಟ್ಟಿಗೆ ಕೊಳವೆಗಳನ್ನು ಜಜ್ಜುತ್ತದೆ. ಈ ವ್ಯತ್ಯಾಸ ನನಗೆ ಪುಸ್ತಕ ಓದಿ ಗೊತ್ತಾದದ್ದಲ್ಲ, ಅಪ್ಪ ಹೇಳಿಕೊಟ್ಟದ್ದು.

ಅಪ್ಪ ಅದೇ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಬೆಸುಗೆ ಹಾಕಿದವನು. ತಂಗಿಯೂ ಅಲ್ಲೇ ಇದ್ದಳು, ತಪಾಸಣೆ ವಿಭಾಗದಲ್ಲಿ. ತಯಾರಾದ ಬಾಯ್ಲರಿಗೆ ನೀರು ತುಂಬಿ, ಪಂಪಿನಿಂದ ಪ್ರೆಶರ್ ಹಾಕಿ, ಎಲ್ಲಾದರೂ ಸೋರುತ್ತದಾ ಎಂದು ನೋಡುವ ಕೆಲಸ ಅವಳದು. ಅಪ್ಪ ಬೆಸೆಯುವುದು, ಮಗಳು ಪರೀಕ್ಷೆ ಮಾಡುವುದು. ಊಟಕ್ಕೆ ಕೂತಾಗಲೂ ಇಬ್ಬರಿಗೂ ಅದೇ ಮಾತು. ನಡುವೆ ನಾನು ಉಪ್ಪು ಕೇಳಿದರೂ ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಒಂಬತ್ತು ವರ್ಷದ ಹಿಂದೆ ಒಂದು ಬಾಯ್ಲರಿನ ಬೆಸುಗೆಯಲ್ಲಿ ಮೂರು ಹನಿ ನೀರು ಕಾಣಿಸಿಕೊಂಡಿತು. ಬೆಸುಗೆ ಅಪ್ಪನದು. ತಂಗಿ ಅಪ್ಪನನ್ನು ಪಕ್ಕಕ್ಕೆ ಕರೆದು ಹೇಳಬಹುದಿತ್ತು, ಅವನು ಅರ್ಧ ಗಂಟೆಯಲ್ಲಿ ಸರಿ ಮಾಡುತ್ತಿದ್ದ. ಅವಳು ಕರೆಯಲಿಲ್ಲ. ‘ಸೋರುತ್ತದೆ, ತಿರಸ್ಕೃತ’ ಎಂದು ಬರೆದು ಸಹಿ ಹಾಕಿಬಿಟ್ಟಳು. ಕಾರ್ಖಾನೆಯವರು ಅಪ್ಪನನ್ನು ಬೆಸುಗೆಯಿಂದ ತೆಗೆದು ಉಗ್ರಾಣದಲ್ಲಿ ಬೋಲ್ಟು ಎಣಿಸಲು ಕೂರಿಸಿದರು. ಆವತ್ತು ಸಂಜೆ ಅಪ್ಪ ಅವಳಿಗೆ ಒಂದೇ ಮಾತು ಹೇಳಿದ್ದು, “ಇನ್ನು ನನ್ನ ಮನೆ ಹೊಸ್ತಿಲು ತುಳೀಬೇಡ.”

ಅವಳು ತುಳಿಯಲಿಲ್ಲ. ಹಟದಲ್ಲಿ ಅವಳು ಅಪ್ಪನ ಮಗಳೇ. ಕೆಲಸ ಬಿಟ್ಟು, ಬೆಟ್ಟದ ಮೇಲಿನ ಚಳಿಯ ಊರಿಗೆ ಹೋಗಿ, ಅಲ್ಲಿನ ಅನಾಥ ಮಕ್ಕಳ ಹಾಸ್ಟೆಲಿನ ಬಾಯ್ಲರ್ ಕೋಣೆಯನ್ನು ನೋಡಿಕೊಂಡು ಇದ್ದುಬಿಟ್ಟಳು. ತಿಂಗಳಿಗೊಮ್ಮೆ ನನಗೆ ಫೋನ್ ಮಾಡುತ್ತಿದ್ದಳು. ಅಪ್ಪ ಪಕ್ಕದಲ್ಲೇ ಕೂತು ಕೇಳಿಸದವನ ಹಾಗೆ ನಟಿಸುತ್ತಿದ್ದ. ನಾನು ಬೇಕೆಂದೇ ಅವಳು ಹೇಳಿದ್ದನ್ನೆಲ್ಲ ಗಟ್ಟಿಯಾಗಿ ಇನ್ನೊಮ್ಮೆ ಹೇಳುತ್ತಿದ್ದೆ. ನಾಲ್ಕು ವರ್ಷದ ಹಿಂದೆ ಹಾಗೇ ಒಂದು ದಿನ, “ಓ, ನಿಮ್ಮ ಹಳೇ ಬಾಯ್ಲರ್ ಯಾವಾಗ ಕೈಕೊಡುತ್ತೋ ಗೊತ್ತಿಲ್ವಾ? ಅರವತ್ತು ಮಕ್ಕಳಿಗೂ ತಣ್ಣೀರೇ ಗತಿಯಾ?” ಎಂದು ಕೂಗಿದ್ದೆ. ಮುಂದಿನ ಭಾನುವಾರ ಅಪ್ಪ ಹಿತ್ತಲಿನ ಶೆಡ್ಡನ್ನು ಖಾಲಿ ಮಾಡತೊಡಗಿದ.

ಯಾಕೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಒಂದೊಂದೇ ತಗಡು ಬಂತು, ಕೊಳವೆಗಳು ಬಂದವು, ಇಟ್ಟಿಗೆ ಬಂತು. ಒಂದು ಬೆಸುಗೆ ಹಾಕಿ, ಅದು ಮನಸ್ಸಿಗೆ ಬಾರದೆ ಉಜ್ಜಿ ತೆಗೆದು, ಮತ್ತೆ ಹಾಕುತ್ತಿದ್ದ. ಒಂದೇ ಜೋಡಣೆಯನ್ನು ಐದು ಸಲ ಮಾಡಿದ್ದನ್ನು ನಾನೇ ನೋಡಿದ್ದೇನೆ. ನಾಲ್ಕು ವರ್ಷಕ್ಕೆ ನನಗಿಂತ ಎತ್ತರದ, ದುಂಡನೆಯ, ಬೂದು ಬಣ್ಣದ ಬಾಯ್ಲರ್ ಎದ್ದು ನಿಂತಿತು. ಅಷ್ಟರಲ್ಲಿ ಅಪ್ಪನಿಗೆ ಕೆಮ್ಮು ಹಿಡಿದಿತ್ತು. ಬಾಯ್ಲರಿನ ಮೇಲೆ ಸುತ್ತುವ ಹತ್ತಿಯಂಥ ಕಲ್ನಾರಿನ ಪುಡಿಯನ್ನು ಅಷ್ಟು ವರ್ಷ ಉಸಿರಾಡಿದ್ದರ ಫಲ ಅದು ಎಂದು ಆಮೇಲೆ ಗೊತ್ತಾಯಿತು.

“ಇದನ್ನ ಅವಳಿಗೆ ಕಳಿಸು,” ಅಂದ ಅಪ್ಪ. ಅವಳ ಹೆಸರು ಹೇಳಲಿಲ್ಲ. “ಪ್ರೆಶರ್ ಹಾಕಿ ನೋಡ್ಲಿ. ಸೋರಿದ್ರೆ ಸೋರ್ತು ಅಂತ್ಲೇ ಬರೀಲಿ.”

“ನಿನಗೆ ಹುಷಾರಿಲ್ಲ ಅಂತಾನೂ ಹೇಳ್ತೀನಿ.”

“ಹೇಳ್ಬೇಡ.” ಮಂಚದ ಮೇಲೆ ಎದ್ದು ಕೂತ. “ನನ್ನಾಣೆ ಹೇಳ್ಬೇಡ. ಅಯ್ಯೋ ಪಾಪ ಅಂತ ಪಾಸ್ ಮಾಡಿದ್ರೆ ಅದು ಪಾಸೇ ಅಲ್ಲ.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಬೆಟ್ಟದ ದಾರಿಯಲ್ಲಿ ಬಹಳ ತಗ್ಗಾದ ಸುರಂಗಗಳಿವೆ. ಮಾಮೂಲಿ ವ್ಯಾಗನ್ನಿನ ಮೇಲೆ ಮರದ ಚೌಕಟ್ಟು ಸಮೇತ ಬಾಯ್ಲರ್ ನಿಲ್ಲಿಸಿದರೆ ತಲೆ ತಾಗುತ್ತದೆ. ಅದಕ್ಕೆ ನೆಲ ತಗ್ಗಾಗಿರುವ ಬೇರೆ ವ್ಯಾಗನ್ ಬೇಕು, ಅದು ಆ ಊರಿಗೆ ಹೋಗುವುದು ತಿಂಗಳಿಗೆ ಒಂದೇ ಸಲ. ಎರಡು ವಾರದ ಹಿಂದಷ್ಟೇ ಹೋಗಿತ್ತು, ಮತ್ತೆ ಹೋಗಲು ಇನ್ನೂ ಹದಿನೈದು ದಿನ. ಅಪ್ಪನಿಗೆ ಹೇಳಿದೆ. “ಹದಿನೈದು ದಿನ ತಾನೇ? ಕಾಯ್ತೀನಿ. ನಾಲ್ಕು ವರ್ಷ ಕಾದಿಲ್ವಾ?” ಅಂದ.

ಅವನಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಹಿಂದಿನ ದಿನ ಡಾಕ್ಟರು ನನ್ನನ್ನು ಹೊರಗೆ ಕರೆದು, ಕನ್ನಡಕ ಒರೆಸಿಕೊಳ್ಳುತ್ತ, “ಹತ್ತು ದಿನ. ಹೆಚ್ಚಂದ್ರೆ ಹನ್ನೆರಡು” ಅಂದಿದ್ದರು. ಬಸ್ಸು ಬರುವ ಸಮಯ ಹೇಳುವಷ್ಟು ಸಲೀಸಾಗಿ ಹೇಳಿದ್ದರು. ನಾನು ಇಪ್ಪತ್ತೊಂದು ವರ್ಷ ಬರೀ ಅಳತೆಗಳನ್ನೇ ನಂಬಿದವಳು. ಅದನ್ನೂ ನಂಬಿಬಿಟ್ಟೆ.

ಮರುದಿನ ಬೆಳಿಗ್ಗೆ ಬಾಯ್ಲರನ್ನು ಲಾರಿಯಲ್ಲಿ ಯಾರ್ಡಿಗೆ ತರಿಸಿದೆ. ಚೀಟಿ ಪುಸ್ತಕ ಎದುರಿಗಿಟ್ಟುಕೊಂಡು ಬಹಳ ಹೊತ್ತು ಕೂತೆ. ನೂರೈವತ್ತು ಎಂದು ಬರೆದರೆ ಅದು ಹದಿನೈದು ದಿನ ಇಲ್ಲೇ ನಿಲ್ಲುತ್ತದೆ, ಅಷ್ಟರಲ್ಲಿ ಅಪ್ಪ ಇರುವುದಿಲ್ಲ. ಅರವತ್ತು ಎಂದು ಬರೆದರೆ ಇವತ್ತೇ ಹೊರಟು ಐದನೇ ದಿನಕ್ಕೆ ಅವಳ ಕೈ ಸೇರುತ್ತದೆ. ಅವಳು ಪ್ರೆಶರ್ ಹಾಕುತ್ತಾಳೆ, ಫೋನ್ ಮಾಡುತ್ತಾಳೆ, ಅಪ್ಪ ಕಣ್ಣು ಮುಚ್ಚುವ ಮೊದಲು ಆ ಮಾತು ಕೇಳುತ್ತಾನೆ. ಕೆಳಗೆ ಹಳೇ ಟೈರು ಹಾಕಿ ಮಲಗಿಸಿದರೆ ಏನೂ ಆಗಲಿಕ್ಕಿಲ್ಲ, ಅಪ್ಪನ ಕೈಕೆಲಸ ಅಷ್ಟು ಸುಲಭಕ್ಕೆ ಕಳಚುವುದಲ್ಲ ಎಂದುಕೊಂಡೆ. ಬೇರೆ ಯಾರಾದರೂ ಈ ಮಾತು ಆಡಿದ್ದರೆ ಪುಸ್ತಕದಲ್ಲೇ ಬಾರಿಸುತ್ತಿದ್ದೆ. ‘ಖಾಲಿ ಕಬ್ಬಿಣದ ಟ್ಯಾಂಕು, ಅರವತ್ತು’ ಎಂದು ಬರೆದೆ.

ಲೋಡಿಂಗ್ ಮೇಸ್ತ್ರಿ ಚೀಟಿ ಓದಿದ. ಮಾತಿಗೆ ಮುಂಚೆ ಗೊಣಗುವವನು, ಆವತ್ತು ಗೊಣಗಲಿಲ್ಲ. ಬೆರಳ ಗೆಣ್ಣಿನಿಂದ ಬಾಯ್ಲರಿನ ಮೈಯನ್ನು ಎರಡು ಸಲ ತಟ್ಟಿದ. ಖಾಲಿ ಟ್ಯಾಂಕು ತಟ್ಟಿದರೆ ಗಣ್ ಅನ್ನುತ್ತದೆ. ಇದು ಗೋಡೆ ತಟ್ಟಿದ ಹಾಗೆ ದಬ್ ದಬ್ ಅಂದಿತು. ಅವನು ನನ್ನ ಮುಖ ನೋಡಿದ.

“ಅಮ್ಮಾ, ಇದು ಟ್ಯಾಂಕಾ?”

“ಚೀಟಿಯಲ್ಲಿ ಏನಿದೆ?”

“ನೀವು ಬರೆದಿದ್ದೀರಿ ಅಂದ್ಮೇಲೆ ಟ್ಯಾಂಕೇ ಬಿಡಿ,” ಎಂದು ಹಗ್ಗ ಬಿಗಿಯಲು ಹೇಳಿದ. ಅವನು ಒಂದು ಮಾತು ಜಗಳ ಆಡಿದ್ದರೂ ನಾನು ಚೀಟಿ ಹರಿದು ಹಾಕುತ್ತಿದ್ದೆನೇನೋ. ಆಡಲಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ನಾನು ಗಳಿಸಿದ್ದು ಆ ನಂಬಿಕೆ ಒಂದನ್ನೇ, ಅದನ್ನು ಆವತ್ತು ಅಪ್ಪನ ಬಾಯ್ಲರನ್ನು ಮಲಗಿಸಲು ಬಳಸಿದೆ.

ಆರನೇ ದಿನ ಆಫೀಸಿಗೆ ತಂಗಿಯ ಫೋನು ಬಂತು. ಹಲೋ ಕೂಡ ಇಲ್ಲ.

“ಅಕ್ಕಾ, ನಿಮ್ಮ ಯಾರ್ಡಿಂದ ಒಂದು ಬಾಯ್ಲರ್ ಬಂದಿದೆ. ಟ್ಯಾಂಕು ಅಂತ ಚೀಟಿ ಹಚ್ಚಿದ್ದಾರೆ. ಯಾವನಿಗೆ ತಲೆ ಕೆಟ್ಟಿತ್ತು? ಒಳಗಿನ ಇಟ್ಟಿಗೆಯೆಲ್ಲ ಪುಡಿ. ಕೊಳವೆ ಜೋಡಣೆ ಸಡಿಲ ಆಗಿದೆ. ಯಾರು ಕಳಿಸಿದ್ದು ಅಂತಾನೂ ಬರೆದಿಲ್ಲ.”

“ಅಪ್ಪ ಮಾಡಿದ್ದು,” ಅಂದೆ. “ನಾಲ್ಕು ವರ್ಷ ಕೂತು ಮಾಡಿದ್ದು. ಪ್ರೆಶರ್ ಹಾಕಿ ನೋಡ್ಲಿ ಅಂದ. ಚೀಟಿ ಬರೆದವಳು ನಾನು.”

ಅಪ್ಪನಿಗೆ ಹುಷಾರಿಲ್ಲ ಕಣೇ, ಬಂದುಬಿಡು ಎಂಬ ಮಾತು ನನ್ನ ನಾಲಿಗೆ ತುದಿಗೆ ಬಂದು ನಿಂತಿತ್ತು. ಆಣೆ ನೆನಪಾಯಿತು. ಅವಳು ಕೊನೆಗೆ, “ಈ ಸ್ಥಿತಿಯಲ್ಲಿ ಪ್ರೆಶರ್ ಹಾಕೋಕಾಗಲ್ಲ. ಮೊದಲು ಕೊಳವೆ ಬಿಗಿ ಮಾಡ್ಬೇಕು, ಅದಕ್ಕೆ ಹತಾರ ಬೇರೆ ಊರಿಂದ ಬರ್ಬೇಕು” ಎಂದು ಫೋನ್ ಇಟ್ಟಳು. ಮತ್ತೆ ಮಾಡಲಿಲ್ಲ. ನಾನು ಮಾಡಿದಾಗೆಲ್ಲ ಹಾಸ್ಟೆಲಿನವರು ಎತ್ತಿ, “ಅವರು ಬಾಯ್ಲರ್ ಕೋಣೆಯಲ್ಲಿದ್ದಾರೆ, ಬರಲ್ವಂತೆ” ಅನ್ನುತ್ತಿದ್ದರು. ಕಲ್ಲು ಮನಸ್ಸಿನವಳು ಎಂದು ಬೈದುಕೊಂಡೆ.

ಹತ್ತನೇ ದಿನ ಕಳೆಯಿತು. ಹನ್ನೆರಡನೆಯದೂ ಕಳೆಯಿತು. ಅಪ್ಪ ಇನ್ನೂ ಇದ್ದ. ಎಲುಬಿನ ಗೂಡಾಗಿದ್ದ, ಎರಡು ದಿಂಬಿಗೆ ಒರಗಿ ಕೂರದಿದ್ದರೆ ಉಸಿರು ಸಿಗುತ್ತಿರಲಿಲ್ಲ. ಆದರೂ ನಾನು ಬಾಗಿಲು ತೆಗೆದ ಕೂಡಲೇ, “ಫೋನು ಬಂತಾ?” ಅನ್ನುತ್ತಿದ್ದ.

ಹದಿನೈದನೇ ದಿನ ತಗ್ಗು ವ್ಯಾಗನ್ ಬಂತು. ಮೇಸ್ತ್ರಿ ನಾಲ್ಕು ಹೀಟರುಗಳನ್ನು ನಿಲ್ಲಿಸಿ ಕಟ್ಟಿದ. ಉಳಿದ ಅರ್ಧ ವ್ಯಾಗನ್ ಖಾಲಿ. ಅದು ಹಾಗೇ ಹೊರಟುಹೋಯಿತು. ನಾನು ಯಾರ್ಡಿನ ನಡುವೆ ನಿಂತು, ಎಲ್ಲರ ಎದುರಿಗೆ, ನಾಚಿಕೆ ಬಿಟ್ಟು ಅತ್ತೆ. ಮೇಸ್ತ್ರಿ ಹತ್ತಿರ ಬಂದು, ಏನೂ ಕೇಳದೆ, ಕೂರಲು ಒಂದು ಪೆಟ್ಟಿಗೆ ಎಳೆದು ಕೊಟ್ಟ.

ಆವತ್ತು ಸಂಜೆ ಅಪ್ಪ ಫೋನು ಬಂತಾ ಎಂದಾಗ ನನಗೆ ತಡೆಯಲಾಗಲಿಲ್ಲ.

“ಬಂತು ಅಪ್ಪ,” ಅಂದೆ. ಕಾರ್ಖಾನೆಯ ಸದ್ದಿಗೆ ಅವನ ಕಿವಿ ಮಂದವಾಗಿತ್ತು, ಸುಳ್ಳನ್ನೂ ಅವನಿಗೆ ಕೂಗಿಯೇ ಹೇಳಬೇಕು. “ಬಾಯ್ಲರ್ ತಲುಪಿದೆಯಂತೆ! ತಲುಪಿದ ದಿನವೇ ಬೆಂಕಿ ಹಾಕಿದ್ಲಂತೆ! ಮಕ್ಕಳೆಲ್ಲ ಬಿಸಿನೀರಲ್ಲಿ ಸ್ನಾನ ಮಾಡಿದ್ರಂತೆ!”

ಅಪ್ಪನ ಮುಖ ಅರಳಿತು. ಅದು ಒಂದು ಕ್ಷಣ ಅಷ್ಟೇ.

“ತಲುಪಿದ ದಿನವೇ?”

“ಹೂಂ ಅಪ್ಪ.”

“ಪೂರ್ತಿ ಬೆಂಕಿನಾ?”

“ಪೂರ್ತಿ ಅಪ್ಪ!”

ಅವನು ಹೊದಿಕೆಯ ಅಂಚನ್ನು ಬೆರಳಲ್ಲಿ ಹೊಸೆಯುತ್ತ ಕೂತ. “ಹೊಸ ಇಟ್ಟಿಗೆ ಅದು,” ಎಂದ. “ಮೂರು ದಿನ ಸಣ್ಣ ಉರಿಯಲ್ಲಿ ಒಣಗಿಸ್ಬೇಕು. ಇಲ್ದಿದ್ರೆ ಸಿಡಿಯುತ್ತೆ. ಅವಳು ಹಾಗೆ ಮಾಡೋಳಲ್ಲ. ಯಾರು ಬೇಕಾದ್ರೂ ಮಾಡ್ಲಿ, ಅವಳು ಮಾಡಲ್ಲ.”

ಒಂಬತ್ತು ವರ್ಷ ಅವಳ ಹೆಸರೆತ್ತದವನು ಹೇಳಿದ ಮಾತು ಅದು. ಅದನ್ನು ಅವಳಿಗೆ ಕೇಳಿಸಬೇಕಿತ್ತು. ಕೇಳಿಸಿಕೊಂಡವಳು ನಾನು, ಸುಳ್ಳು ಹೇಳಿ ಸಿಕ್ಕಿಬಿದ್ದವಳು.

“ಯಾವ ವರ್ಗ ಹಾಕ್ದೆ?” ಎಂದು ಕೇಳಿದ.

“ಅರವತ್ತು.”

“ಮಲಗಿಸಿದ್ರಾ?”

ಹೌದೆಂದು ತಲೆಯಾಡಿಸಿದೆ.

“ಇಟ್ಟಿಗೆ?”

“ಹೋಯ್ತು ಅಪ್ಪ.”

“ಬೆಸುಗೆ?”

“ಗೊತ್ತಿಲ್ಲ ಅಪ್ಪ. ನನಗೆ ಗೊತ್ತಿಲ್ಲ.”

ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಚಿಕ್ಕಂದಿನಲ್ಲಿ ಒಂದು ಸ್ಕ್ರೂ ಕಳೆದರೂ ಮನೆ ಹಾರಿಹೋಗುವ ಹಾಗೆ ಕೂಗಾಡುತ್ತಿದ್ದವನು ಅವನು. “ಯಾಕೆ ಕಾಯ್ಲಿಲ್ಲ?” ಎಂದಷ್ಟೇ ಕೇಳಿದ. ಅದಕ್ಕೆ ಉತ್ತರ ಹೇಳಬೇಕಾದರೆ ಡಾಕ್ಟರು ಹೇಳಿದ್ದನ್ನು ಹೇಳಬೇಕಿತ್ತು. ನಾನು ಬಾಯಿ ಬಿಡಲಿಲ್ಲ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಆಮೇಲೆ, “ಓ,” ಅಂದ. ಅರ್ಥವಾಗಿತ್ತು. ನನ್ನ ಕೈಯನ್ನು ಒಂದೆರಡು ಸಲ ತಟ್ಟಿ ಗೋಡೆಯ ಕಡೆ ತಿರುಗಿದ. ಮರುದಿನದಿಂದ ಫೋನು ಬಂತಾ ಎಂದು ಕೇಳುವುದನ್ನು ನಿಲ್ಲಿಸಿದ.

ಅಪ್ಪ ಹೋದದ್ದು ಇಪ್ಪತ್ತೆರಡನೇ ದಿನ, ಬೆಳಿಗ್ಗೆ ಎಂಟು ಗಂಟೆಗೆ. ನಾನು ಹಾಲು ಬಿಸಿ ಮಾಡಿಕೊಂಡು ಬರುವಷ್ಟರಲ್ಲಿ ತಲೆ ದಿಂಬಿನಿಂದ ಪಕ್ಕಕ್ಕೆ ವಾಲಿತ್ತು. ಕಾಯುತ್ತೇನೆ ಎಂದಿದ್ದ, ಕಾದಿದ್ದ, ಹದಿನೈದಲ್ಲ, ಇಪ್ಪತ್ತೆರಡು ದಿನ. ತಗ್ಗು ವ್ಯಾಗನ್ನಿನಲ್ಲಿ ಹೋಗಿದ್ದರೆ ಬಾಯ್ಲರ್ ಹತ್ತೊಂಬತ್ತನೇ ದಿನಕ್ಕೆ ನೆಟ್ಟಗೆ ನಿಂತು ಅವಳ ಮುಂದೆ ಇಳಿಯುತ್ತಿತ್ತು. ಅವಳು ಅಂದೇ ನೀರು ತುಂಬುತ್ತಿದ್ದಳು. ಇದೇನು ದೊಡ್ಡ ಲೆಕ್ಕವಲ್ಲ. ಆದರೂ ಹಾಲಿನ ಲೋಟ ಹಿಡಿದು ನಿಂತಲ್ಲೇ ಅದನ್ನು ಮತ್ತೆ ಮತ್ತೆ ಹಾಕಿದೆ, ಪ್ರತಿ ಸಲವೂ ಅದೇ ಉತ್ತರ ಬಂತು. ಮುರಿಯಬಾರದ ನಿಯಮವನ್ನು ಮುರಿದು, ಮುರಿಯಬೇಕಾಗಿದ್ದ ಆಣೆಯನ್ನು ಉಳಿಸಿಕೊಂಡಿದ್ದೆ.

ತಂಗಿಗೆ ಹೇಳಲು ಹಾಸ್ಟೆಲಿಗೆ ಫೋನ್ ಮಾಡಿದೆ. “ಅವರು ನಿನ್ನೆಯೇ ಊರಿಗೆ ಹೊರಟ್ರಲ್ಲ” ಅಂದರು.

ಬೆಳಿಗ್ಗೆ ಹನ್ನೊಂದೂವರೆಗೆ ಬಂದಳು. ತೆರೆದ ಬಾಗಿಲು, ಅಂಗಳದಲ್ಲಿ ನಿಂತ ಅಕ್ಕಪಕ್ಕದವರನ್ನು ನೋಡಿಯೂ ಅವಳಿಗೆ ಹೊಳೆಯಲಿಲ್ಲ. ಹೊಸ್ತಿಲ ಹೊರಗೆ ನಿಂತು, “ಅಕ್ಕಾ, ಒಳಗೆ ಬರ್ಲಾ? ಅಪ್ಪನ್ನ ಕೇಳು,” ಅಂದಳು. ಒಂಬತ್ತು ವರ್ಷದಲ್ಲಿ ಕೂದಲು ಬೆಳ್ಳಗಾಗಿತ್ತು. ಉಗುರಿನ ಸಂದಿಯಲ್ಲಿ ಮಸಿ. ಕೈಯಲ್ಲಿ ನಾಲ್ಕಾಗಿ ಮಡಿಸಿದ ಒಂದು ಕಾಗದ.

ನಾನು ಅವಳನ್ನು ತಬ್ಬಿಕೊಂಡೆ. ಆಗ ಗೊತ್ತಾಯಿತು ಅವಳಿಗೆ.

ಅವಳು ಅಳಲಿಲ್ಲ. “ಯಾಕೆ ಹೇಳ್ಲಿಲ್ಲ?” ಎಂದಳು. “ಹುಷಾರಿಲ್ಲ ಅಂತ ಒಂದು ಮಾತು ಯಾಕೆ ಹೇಳ್ಲಿಲ್ಲ ಅಕ್ಕ? ಹದಿನಾಲ್ಕು ದಿನ ನಾನು ಒಂದೊಂದೇ ಕೊಳವೆ ಬಿಗಿ ಮಾಡ್ತಾ ಕೂತಿದ್ದೆ. ಮೊನ್ನೆ ಪ್ರೆಶರ್ ಹಾಕಿದೆ. ಆಗ್ಲೇ ಫೋನ್ ಮಾಡ್ಬಹುದಿತ್ತು. ಎದುರಿಗೆ ನಿಂತು ಹೇಳೋಣ ಅಂತ ಬಂದೆ.”

ಅವಳು ನನ್ನನ್ನು ಸರಿಸಿ ಕೋಣೆಯೊಳಗೆ ಹೋದಳು. ಅಪ್ಪನ ಮಂಚದ ಪಕ್ಕ ಮೊಣಕಾಲೂರಿ ಕೂತು, ಕಾಗದ ಬಿಡಿಸಿ, ಅವನ ಬಲಗಿವಿಯ ಹತ್ತಿರ ಬಾಯಿ ತಂದು, ನಾವು ಚಿಕ್ಕವರಿದ್ದಾಗಿನಿಂದ ಅವನ ಜೊತೆ ಮಾತಾಡುತ್ತಿದ್ದ ಹಾಗೆ ಗಟ್ಟಿಯಾಗಿ ಕೂಗಿ ಹೇಳಿದಳು.

“ಅಪ್ಪಾ! ಆರು ಕೆಜಿ ಪ್ರೆಶರ್ ಹಾಕಿದೆ! ಒಂದು ಗಂಟೆ ನಿಲ್ಲಿಸಿದೆ! ಮುಳ್ಳು ಅಲ್ಲಾಡಿಲ್ಲ! ಬೆಸುಗೆ ಎಲ್ಲೂ ಸೋರಿಲ್ಲ ಅಪ್ಪಾ! ಒಂದು ಹನೀನೂ ಸೋರಿಲ್ಲ!”

ಅಂಗಳದಲ್ಲಿದ್ದವರು ಮಾತು ನಿಲ್ಲಿಸಿ ಒಳಗೆ ಇಣುಕಿದರು. ಅವಳು ಅಪ್ಪನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಇನ್ನೊಂದು ಸಲ ಹೇಳ್ಲಾ ಅಕ್ಕ?”

“ಹೇಳು,” ಅಂದೆ.

ಅವಳು ಮತ್ತೆ ಬಾಗಿ, ಮೊದಲಿಗಿಂತ ಜೋರಾಗಿ ಹೇಳತೊಡಗಿದಳು.